ಶಾಲೆಗೆ ಹೋದ ಚೆನ್ನನ ಅಕ್ಕ

ಶಿವಮೊಗ್ಗದ ಮೊದಲ ಬಸ್ಸು ಹಾರ್ನ್ ಹೊಡೆಯುವ ಹೊತ್ತಿಗೆ ಹೂವಮ್ಮ ಒಲೆ ಹಚ್ಚಿಯಾಗಿರುತ್ತದೆ. ಶಿಕಾರಿಪುರದ ಈ ಓಣಿಯಲ್ಲಿ ಬೇರೆ ಯಾವ ಮನೆಯಲ್ಲೂ ಇನ್ನೂ ದೀಪವಿಲ್ಲ. ನೀರು ಬಿಸಿಯಾಗುವುದರೊಳಗೆ ಅವರು ತಾವು ಮಲಗಿದ್ದ ಚಾಪೆ ಸುತ್ತಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಅಂಗೈಗಳನ್ನು ಒಲೆಯ ಮುಂದೆ ಹಿಡಿದು ಕಾಯಿಸಿಕೊಳ್ಳುತ್ತಾರೆ. ತಣ್ಣನೆಯ ಕೈ ತಾಗಿದರೆ ಅಕ್ಕೋರು ಬೆಚ್ಚಿಬೀಳುತ್ತಾರೆ.

ಅಕ್ಕೋರು ಎಂದರೆ ಮಂಚದ ಮೇಲಿರುವ ಸಾವಿತ್ರಿಬಾಯಿ. ಈ ಸೀಮೆಯಲ್ಲಿ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ. ಅವರಿಗೆ ತೊಂಬತ್ತು ತುಂಬಿದೆ. ಹೂವಮ್ಮನಿಗೆ ಎಪ್ಪತ್ತಾರು. ಎಪ್ಪತ್ತಾರರ ಕೈ ತೊಂಬತ್ತರ ಬೆನ್ನಿನಡಿ ನುಗ್ಗಿ ಮೈಯನ್ನು ಮೆಲ್ಲಗೆ ಗೋಡೆಯ ಕಡೆ ಹೊರಳಿಸುತ್ತದೆ, ಒದ್ದೆ ಬಟ್ಟೆ ಎಳೆದು ಒಣಬಟ್ಟೆ ಹಾಸುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಪಂಚೆಯ ತುಂಡಿನಿಂದ ಕತ್ತು, ಕಂಕುಳು, ಬೆನ್ನು. ಬೆನ್ನಿಗೆ ಪುಡಿ. ಮಲಗಿದಲ್ಲೇ ಮಲಗಿ ವರ್ಷಗಳಾದರೂ ಆ ಬೆನ್ನಿನ ಮೇಲೆ ಒಂದು ಹುಣ್ಣಿಲ್ಲ. ನೋಡಲು ಬಂದ ಡಾಕ್ಟರು ಒಮ್ಮೆ ಅದನ್ನು ನೋಡಿ ಸುಮ್ಮನೆ ತಲೆಯಾಡಿಸಿ ಹೋಗಿದ್ದರು. ಹೂವಮ್ಮನಿಗೆ ಸಿಕ್ಕ ದೊಡ್ಡ ಮರ್ಯಾದೆ ಅಷ್ಟೇ.

ಕೂದಲು ಬಾಚಿ ಇಲಿಬಾಲದಂಥ ಜಡೆ ಹಾಕಿದ ಮೇಲೆ ಗಂಜಿ. ಎರಡು ಮೂರು ಚಮಚ ಒಳಗೆ ಹೋಗುವಷ್ಟರಲ್ಲಿ ಅಕ್ಕೋರು ಬಾಯಿ ಮುಚ್ಚುತ್ತಾರೆ. ಕಣ್ಣು ಬಾಗಿಲ ಕಡೆ ಹೋಗುತ್ತದೆ.

“ಚೆನ್ನ ಎಲ್ಲಿ? ಊಟ ಮಾಡಿದನಾ?”

“ಉಂಡಾನ್ರೀ. ಶಾಲಿಗೆ ಹೋದ.”

“ಅಂಗಿ ಹಾಕ್ಕೊಂಡನಾ?”

“ಹಾಕ್ಕೊಂಡಾನ್ರೀ ಅಕ್ಕೋರೆ. ನೀವು ಬಾಯಿ ತೆಗೀರಿ.”

ಬಾಯಿ ತೆರೆಯುತ್ತದೆ. ಈ ಮಾತು ದಿನಕ್ಕೆ ಎಷ್ಟು ಸಲ ನಡೆಯುತ್ತದೆಂದು ಹೂವಮ್ಮ ಎಣಿಸಲು ಹೋಗಿಲ್ಲ. ಬೆಳಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ, ದೀಪ ಹಚ್ಚುವ ಹೊತ್ತಿಗೆ ಮತ್ತೆ ಶುರು. ಚೆನ್ನ ಎಂಬ ಹುಡುಗ ಈ ಮನೆಯಲ್ಲಿಲ್ಲ. ಅವನು ಸಾವಿತ್ರಿಬಾಯಿ ಬರೆದ ಮಕ್ಕಳ ಕಾದಂಬರಿಯೊಳಗಿನ ಹುಡುಗ. ಅವರು ಯಾರನ್ನು ನೋಡಿ ಅವನನ್ನು ಬರೆದರೋ ಆ ಕೂಸು ಹೂವಮ್ಮನ ಬೆನ್ನಿಗೆ ಬಿದ್ದ ತಮ್ಮ, ಗುತ್ಯಪ್ಪ. ಅವನು ಆರನೇ ವಯಸ್ಸಿಗೇ ತೀರಿಕೊಂಡ.

ಅರವತ್ತು ದಾಟಿದ ಓದುಗರಲ್ಲಿ ಕೆಲವರಿಗಾದರೂ ‘ಅತ್ತಿಮರದ ಮನೆ’ ನೆನಪಿರಬಹುದು. ಹಿತ್ತಲಲ್ಲಿ ಅತ್ತಿಮರ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಮಾತು ಕಡಿಮೆಯ ಅಪ್ಪ, ಬೈಯುತ್ತಲೇ ಬಡಿಸುವ ಅವ್ವ, ಅಕ್ಕ ಗಂಗೆ, ಶಾಲೆ ಎಂದರೆ ಬಣವೆಯೊಳಗೆ ಅಡಗುವ ತಮ್ಮ ಚೆನ್ನ. ಸಾವಿತ್ರಿಬಾಯಿ ಆ ಮನೆಯ ಮೇಲೆ ನಾಲ್ಕು ಪುಸ್ತಕ ಬರೆದರು. ಐವತ್ತು ಅರವತ್ತರ ದಶಕಗಳಲ್ಲಿ ಶಾಲೆಯ ಕಪಾಟುಗಳಲ್ಲಿ ಅವು ಹರಿದುಹೋಗುವಷ್ಟು ಓಡಾಡಿದವು. ರಾಜಕುಮಾರ, ರಾಕ್ಷಸರ ಗೋಜಿಗೆ ಹೋಗದೆ ಎಮ್ಮೆ ಕಳೆದುಹೋದದ್ದನ್ನೂ ಅಜ್ಜಿ ಮುನಿಸಿಕೊಂಡದ್ದನ್ನೂ ಕಥೆ ಮಾಡಬಹುದೆಂದು ಆ ಕಾಲದ ಮಕ್ಕಳಿಗೆ ತೋರಿಸಿದವು. ಆಮೇಲೆ ಅಚ್ಚು ನಿಂತಿತು. ಈಗ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ.

ಅತ್ತಿಮರದ ಮನೆ ನಿಜವಾಗಿಯೂ ಇತ್ತು, ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ. ಅದು ಹೂವಮ್ಮ ಹುಟ್ಟಿದ ಮನೆ. ಊರಿನ ಶಾಲೆಗೆ ಹೊಸದಾಗಿ ಬಂದ ಇಪ್ಪತ್ತೊಂದು ವರ್ಷದ ಅಕ್ಕೋರಿಗೆ ಉಳಿಯಲು ಜಾಗವಿರಲಿಲ್ಲ. ಒಬ್ಬಂಟಿ ಹೆಣ್ಣುಮಗಳಿಗೆ ಮನೆ ಕೊಡಲು ಊರು ಹಿಂದೆಮುಂದೆ ನೋಡುತ್ತಿದ್ದಾಗ ಹೂವಮ್ಮನ ಅವ್ವ ಅಕ್ಕನಾಗಮ್ಮ ಜಗುಲಿಯ ಪಕ್ಕದ ಕೋಣೆಯಲ್ಲಿದ್ದ ಭತ್ತದ ಚೀಲಗಳನ್ನು ತೆಗೆಸಿ, ನೆಲ ಸಾರಿಸಿ ಕೊಟ್ಟರು. “ನಮ್ಮನೆ ಉಪ್ಪುಗಂಜಿ ನಿಮಗೆ ಆಗ್ತದೆ ಅಂದ್ರೆ ಇರಿ” ಎಂದರಂತೆ.

ಸಂಜೆ ಶಾಲೆಯಿಂದ ಬಂದ ಅಕ್ಕೋರು ಜಗುಲಿಯ ಮೇಲೆ ಕೂತು ಬರೆಯುತ್ತಿದ್ದರು. ಗುತ್ಯಪ್ಪ ಅವರ ಮಗ್ಗುಲು ಬಿಟ್ಟು ಏಳುತ್ತಿರಲಿಲ್ಲ. ಗಂಜಿಯಲ್ಲಿ ತಿಳಿ ಬೇಡ, ಅಗುಳೇ ಬೇಕೆಂದು ಹಟ. ಅಪ್ಪನ ಟೊಪ್ಪಿಗೆಯಲ್ಲಿ ಕಪ್ಪೆ ತಂದು ಅಜ್ಜಿಯ ಮಡಿಲಿಗೆ ಬಿಡುವುದು. ಅದೆಲ್ಲ ಪುಸ್ತಕಕ್ಕೆ ಹೋಯಿತು. ಮೊದಲ ಪುಸ್ತಕ ಅಚ್ಚಾಗಿ ಬಂದ ದಿನ ಅವನು ಅದನ್ನು ಕಿತ್ತುಕೊಂಡು ಹಾಳೆ ಹಾಳೆ ತಿರುವಿದ್ದ.

“ನಾನು ಎಲ್ಲಿ ಅದೀನಿ ತೋರ್ಸು ತೋರ್ಸು ಅಂತ ಪ್ರಾಣ ತಿಂದ. ಓದೋಕೆ ಬರಾಕಿಲ್ವಲ್ಲ. ಇಲ್ಲಿ ನೋಡು ನೀನು ಅಂತ ನಾನು ಅಕ್ಷರದ ಮೇಲೆ ಬೆಟ್ಟು ಇಟ್ಟೆ. ಇಷ್ಟೇನಾ ನಾನು ಅಂತ ಅಂದ,” ಹೂವಮ್ಮ ಹೇಳುತ್ತಾರೆ. ನಗು ಬರುವ ಜಾಗದಲ್ಲಿ ಅವರ ಮುಖ ಹಾಗೇ ಇರುತ್ತದೆ.

ಶಾಲೆಗೆ ಬಂದರೆ ನಿನ್ನನ್ನು ನೀನೇ ಓದಬಹುದು ಎಂದರು ಅಕ್ಕೋರು. ಆ ಮಾತು ಅವನಿಗೆ ನಾಟಿತು. ಮುಂಗಾರಿಗೆ ಶಾಲೆ ಶುರುವಾಗುವಾಗ ಬರುತ್ತೇನೆ, ಆದರೆ ಹೊಸ ಅಂಗಿ ಬೇಕು ಎಂದ. ಅಕ್ಕೋರು ಸೊರಬಕ್ಕೆ ಹೋಗಿ ನೀಲಿ ಬಟ್ಟೆ ತಂದು, ಬೆಳೆಯುವ ಹುಡುಗ ಎಂದು ತುಸು ದೊಡ್ಡದಾಗಿಯೇ ಹೊಲಿಸಿದರು. ಅಂಗಿ ಪೆಟ್ಟಿಗೆ ಸೇರಿತು.

ಆ ಬೇಸಿಗೆಯ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಮರದಿಂದ ಹಣ್ಣು ಉದುರಿದಂತೆ ಉದುರುತ್ತಿದ್ದವೆಂದು ಸೌದೆಗೆ ಹೋದವರು ಬಂದು ಹೇಳುತ್ತಿದ್ದರು. ಇಂದು ಎಲ್ಲರೂ ಮಂಗನ ಕಾಯಿಲೆ ಎನ್ನುವ ಜ್ವರವನ್ನು ಆಗ ಹಳ್ಳಿಯವರು ಹೆಸರಿಟ್ಟು ಕರೆಯುತ್ತಿರಲಿಲ್ಲ. ಅದು ಸತ್ತ ಮಂಗದ ಮೈಯಿಂದಿಳಿದ ಉಣುಗು ಕಚ್ಚಿ ಬರುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ. ಕೊಟ್ಟಿಗೆಗೆ ಹಾಸಲು ದರಗು ಬೇಕು. ಒಣಗಿದ ಆ ಎಲೆ ಗುಡಿಸಿ ತರಲು ಅಜ್ಜಿ ಕಾಡಿಗೆ ಹೊರಟರೆ ಗುತ್ಯಪ್ಪ ಬುಟ್ಟಿಯೊಳಗೆ ಕೂತು ಹೋಗುತ್ತಿದ್ದ, ದರಗಿನ ಮೇಲೆ ಕೂತು ಬರುತ್ತಿದ್ದ.

ಜ್ವರ ಒಮ್ಮೆಲೇ ಏರಿತು. ಕಣ್ಣು ಕೆಂಡವಾಯಿತು. ತಲೆ ಮುಟ್ಟಿದರೆ ಚೀರುತ್ತಿದ್ದವನು ಆಮೇಲೆ ಚೀರುವುದನ್ನೂ ಬಿಟ್ಟ. ವಸಡಿನಿಂದ ರಕ್ತ ಬಂದಾಗ ಅಪ್ಪ ಗಾಡಿ ಕಟ್ಟಿದರು. ಗಾಡಿಯಲ್ಲಿ ಅವನ ತಲೆ ಅಕ್ಕೋರ ತೊಡೆಯ ಮೇಲಿತ್ತು, ಕಾಲು ಅವ್ವನ ಮಡಿಲಲ್ಲಿ. ಸೊರಬ ಮುಟ್ಟುವ ಮೊದಲೇ ಗಾಡಿ ಹಿಂದಕ್ಕೆ ತಿರುಗಿತು.

“ಎತ್ತಿನ ಗಂಟೆ ಸದ್ದು ಕೇಳಿ ನಾನು ಓಡಿ ಹೋದೆ. ಇಷ್ಟು ಬ್ಯಾಗ ಬಂದ್ರಲ್ಲ, ಆರಾಮಾಗೈತೆ ಅಂದ್ಕೊಂಡೆ,” ಎನ್ನುತ್ತಾರೆ ಹೂವಮ್ಮ. “ಅಪ್ಪ ಗಾಡಿ ಇಳೀಲೇ ಇಲ್ಲ.”

ಅಕ್ಕನಾಗಮ್ಮ ಪೆಟ್ಟಿಗೆ ತೆಗೆದು ನೀಲಿ ಅಂಗಿಯನ್ನು ಮಗನಿಗೆ ತೊಡಿಸಿದರು. ತೋಳು ಉದ್ದವಾಗಿತ್ತು, ಮಡಿಚಿದರು. ಗದ್ದೆಯ ಅಂಚಿನಲ್ಲಿ ಅವನನ್ನು ಮಣ್ಣು ಮಾಡಿದ್ದು ಆ ಅಂಗಿಯಲ್ಲೇ.

ಮರುವರ್ಷ ಎರಡನೆಯ ಪುಸ್ತಕ ಬಂತು. ಹೆಸರು ‘ಚೆನ್ನನ ಶಾಲೆ’. ಅಕ್ಕೋರು ಅದನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ. ಶಾಲೆಗೆ ಬಂದ ಕಟ್ಟಿನಲ್ಲಿದ್ದ ಪ್ರತಿಯನ್ನು ಹೂವಮ್ಮನೇ ಮನೆಗೆ ತಂದಳು. ಆಗ ಅವಳಿಗೆ ಹತ್ತು ವರ್ಷ, ಇಡೀ ತರಗತಿಗೆ ಮೊದಲನೆಯವಳು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಮಗಳು ಓದುವುದನ್ನು ಕೇಳುವುದೆಂದರೆ ಅವಳಿಗೆ ಹೆಮ್ಮೆ. ಓದು ಎಂದಳು. ಮಗಳು ಜೋರಾಗಿ ಓದಿದಳು. ಮಳೆ ಬಂದು ನಿಂತ ಬೆಳಗ್ಗೆ ಚೆನ್ನ ಅಗುಳಿನ ಗಂಜಿ ಉಂಡು, ನೀಲಿ ಅಂಗಿ ತೊಟ್ಟು, ಉದ್ದವಾದ ತೋಳು ಮಡಿಚಿಕೊಂಡು ಅಕ್ಕನ ಕೈ ಹಿಡಿದು ಶಾಲೆಗೆ ಹೊರಟ ಎಂಬಲ್ಲಿಗೆ ಬಂದಾಗ ರೊಟ್ಟಿ ತಟ್ಟುವ ಸದ್ದು ನಿಂತಿತು. ಮಗಳಿಗೆ ತಡೆಯಲು ಗೊತ್ತಾಗಲಿಲ್ಲ, ಇನ್ನೂ ಎರಡು ಸಾಲು ಓದಿದಳು. ಹಂಚಿನ ಮೇಲಿನ ರೊಟ್ಟಿ ಕರಟುವ ವಾಸನೆ ಬಂತು.

ಸಂಜೆ ಅಕ್ಕೋರು ಬಂದಾಗ ಅಕ್ಕನಾಗಮ್ಮ ಜಗುಲಿಯಲ್ಲಿ ನಿಂತಿದ್ದರು. ದನಿ ಏರಿಸಲಿಲ್ಲ.

“ಆ ಅಂಗಿ ಹಾಕಿ ನಾನು ಅವನ್ನ ಮಣ್ಣಿಗಿಟ್ಟೆ. ನೀವು ಅದೇ ಅಂಗಿ ಹಾಕಿ ಶಾಲೆಗೆ ಕಳಿಸೀರಿ. ನೀವು ಇನ್ನು ಈ ಮನೆಯಾಗೆ ಇರ್ಬೇಡ್ರಿ.”

ಅಕ್ಕೋರು ಕೋಣೆಗೆ ಹೋಗಿ ಬಟ್ಟೆ ಮಡಿಚಿಡತೊಡಗಿದರು. ಮರುದಿನ ಅವರ ಟ್ರಂಕು ಎತ್ತಿನಗಾಡಿ ಏರಿತು. ವರ್ಷ ತುಂಬುವ ಮೊದಲೇ ಜಡೆ ಎಂಬ ಊರಿನ ಶಾಲೆಗೆ ವರ್ಗ ಮಾಡಿಸಿಕೊಂಡು ಹೋದರು. ಅಕ್ಕೋರು ಮನೆ ಬಿಟ್ಟ ವಾರವೇ ಹೂವಮ್ಮನ ಪಾಟಿಚೀಲ ಅಟ್ಟ ಸೇರಿತು. ಶಾಲೆಯಿಂದಲೇ ಈ ಕೇಡು ಮನೆಗೆ ಬಂತೆಂದು ಅವ್ವ ನಂಬಿದ್ದಳು. ಬೇಡಿದರೂ ಬಿಡಲಿಲ್ಲ.

ಪುಸ್ತಕದ ಗಂಗೆ ಮುಂದೆ ಓದಿ, ನಾಲ್ಕನೆಯ ಕಾದಂಬರಿಯಲ್ಲಿ ತಾನೇ ಅಕ್ಕೋರಾಗುತ್ತಾಳೆ. ಹೂವಮ್ಮ ಹದಿನಾರಕ್ಕೆ ಮದುವೆಯಾಗಿ ಶಿಕಾರಿಪುರದ ಕಡೆಯ ಕುರಿಹಟ್ಟಿಗೆ ಬಂದರು. ಗಂಡ ಉಚ್ಚಂಗಪ್ಪ ಮಾತಿಗೆ ಮೃದು, ನಡಿಗೆಗೆ ಗಟ್ಟಿ. ಸುಗ್ಗಿ ಮುಗಿದರೆ ಕುರಿ ಹೊಡೆದುಕೊಂಡು ಕಂಡವರ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ಹಾಕುತ್ತಾ ದಾವಣಗೆರೆ ಬಯಲಿನವರೆಗೆ ಹೋಗುವ ಬದುಕು. ಬೆನ್ನಿಗೆ ಕೂಸು, ತಲೆಯ ಮೇಲೆ ಪಾತ್ರೆಗಂಟು. ಮಂದೆಗೆ ತೋಳ ಬಿದ್ದ ದಿನ ಓಡುವಾಗ ಕಾಲು ಮುರಿದು, ಸರಿಯಾಗಿ ಕೂಡದೆ, ಎಡಗಾಲು ಇಂದಿಗೂ ಎಳೆಯುತ್ತದೆ. ಕಲಿತ ಅಕ್ಷರ ಮಾತ್ರ ಎಲ್ಲಿಯೂ ಹೋಗಲಿಲ್ಲ. ಬಸ್ಸಿನ ಬೋರ್ಡು, ಕಿರಾಣಿ ಕಟ್ಟಿದ ಹಾಳೆ, ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರು. ಆ ಪುಸ್ತಕಗಳನ್ನು ಮಾತ್ರ ಹುಡುಕಲು ಹೋಗಲಿಲ್ಲ.

ಉಚ್ಚಂಗಪ್ಪ ಹೋದ ಮೇಲೆ ಮನೆ ಮಗ ಗಿರೀಶ, ಸೊಸೆ ಸಂಗೀತಳ ಕೈಗೆ ಬಂತು. ಹೊರಗೆ ಒಂದು ಕೆಲಸ ಹಿಡಿದರೆ ಎಲ್ಲರಿಗೂ ಹಗುರ ಎಂದು ಹೂವಮ್ಮನಿಗೇ ಅನ್ನಿಸಿತು. ಶಿಕಾರಿಪುರದಲ್ಲಿ ಮುದುಕಿಯೊಬ್ಬರನ್ನು ನೋಡಿಕೊಳ್ಳಲು ಜನ ಬೇಕಂತೆ ಎಂದು ಸಂತೆಯಲ್ಲಿ ಯಾರೋ ಹೇಳಿದರು. ಮಾಲತೇಶ್ ಎಂಬುವವರು ಬಾಗಿಲು ತೆಗೆದು, “ನಮ್ಮ ಸೋದರತ್ತೆ, ರಿಟೈರ್ಡ್ ಟೀಚರು. ಬಿದ್ದು ಸೊಂಟ ಮುರಿದಿದೆ. ಮದುವೆ ಮಾಡ್ಕೊಂಡೋರಲ್ಲ, ನಾನೊಬ್ಬನೇ ದಿಕ್ಕು” ಎಂದರು. ಒಳಗಿನಿಂದ, “ಮಾಲತೇಶಾ, ಯಾರಪ್ಪಾ ಬಂದಿರೋದು?” ಎಂಬ ದನಿ ಕೇಳಿತು.

ಪಾಠ ಒಪ್ಪಿಸು ಎನ್ನುತ್ತಿದ್ದ ದನಿ ಅದು. ಹೂವಮ್ಮನ ಕಾಲು ಹೊಸ್ತಿಲ ಮೇಲೇ ನಿಂತಿತು.

ಆಗ ಅಕ್ಕೋರಿಗೆ ಬುದ್ಧಿ ಚೆನ್ನಾಗಿತ್ತು. ಹೆಸರು ಕೇಳಿದರು. ಊರು ಕೇಳಿದರು. ಕುಪ್ಪಗಡ್ಡೆ ಎಂದ ಕೂಡಲೇ ಮುಖವನ್ನೇ ನೋಡುತ್ತಾ ಮಲಗಿದರು. “ನಿಮ್ಮವ್ವ ಇದಾಳಾ ಹೂವಿ?” ಎಂದರು.

“ಇಲ್ರೀ. ಬಾಳ ವರ್ಷ ಆತು.”

“ಬರೆಯೋಕೆ ಕೂತರೆ ನನ್ನ ಕೈಯಲ್ಲಿ ಅವನನ್ನ ಸಾಯಿಸೋಕೆ ಆಗಲಿಲ್ಲ ಕಣೇ. ಅದನ್ನ ಅವಳಿಗೆ ಹೇಳ್ಬೇಕಿತ್ತು.”

ವಾಪಸು ಹೋಗಿಬಿಡೋಣ ಅನ್ನಿಸಿತ್ತು ಎನ್ನುತ್ತಾರೆ ಹೂವಮ್ಮ. “ಸಿಟ್ಟು ಇತ್ರೀ. ಇವರಿಂದ ನನ್ನ ಶಾಲೆ ಹೋತು ಅಂತ. ಆದ್ರೆ ಅವರ ಹಾಸಿಗೆ ಒದ್ದೆಯಾಗಿತ್ತು. ಹಂಗೇ ಬಿಟ್ಟು ಹ್ಯಾಂಗೆ ಹೋಗೋದು. ಬದಲಾಯಿಸಿ ಹೋಗೋಣ ಅಂತ ಕೈ ಹಾಕಿದೆ.” ಆ ಹಾಕಿದ ಕೈಯನ್ನು ಅವರು ಇನ್ನೂ ತೆಗೆದಿಲ್ಲ.

ಎರಡು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಅಕ್ಕೋರ ನೆನಪು ಒಂದೊಂದಾಗಿ ಕಳಚತೊಡಗಿತು. ಮಾಲತೇಶರ ಹೆಸರು ಹೋಯಿತು, ಓಣಿ ಹೋಯಿತು, ತಾವು ಪುಸ್ತಕ ಬರೆದದ್ದೂ ಹೋಯಿತು. ಪುಸ್ತಕದೊಳಗಿನ ಮನೆ ಮಾತ್ರ ಹೋಗಲಿಲ್ಲ. ಒಂದು ಬೆಳಗ್ಗೆ ಎದ್ದವರೇ, ಚೆನ್ನ ಎಲ್ಲಿ ಎಂದು ಕೇಳಿದರು.

ಹೂವಮ್ಮ ಇದ್ದದ್ದನ್ನೇ ಹೇಳಿದರು. ಅವನು ಸತ್ತು ಅರವತ್ತು ವರ್ಷವಾಯಿತಲ್ರೀ, ಗಾಡಿಯಲ್ಲಿ ನಿಮ್ಮ ತೊಡೆಯ ಮೇಲೇ ಹೋದನಲ್ಲ ಎಂದರು. ಅಕ್ಕೋರಿಗೆ ಅದು ಅಂದಿನ ಸುದ್ದಿಯಾಯಿತು. ಎದೆ ಬಡಿದುಕೊಂಡು ಅತ್ತರು. ಅನ್ನ ಮುಟ್ಟಲಿಲ್ಲ. ಮಾರನೆಯ ದಿನ ಮರೆತು, ಮತ್ತೆ ಕೇಳಿದರು. ಹೂವಮ್ಮ ಮತ್ತೆ ಹೇಳಿದರು. ಮತ್ತೆ ಅದೇ ಅಳು.

“ಒಂದ್ಸಲ ಸತ್ತೋನು ದಿನಾ ಸಾಯೋಕೆ ಹತ್ತಿದ. ಅವ್ರಿಗಷ್ಟೇ ಅಲ್ಲ, ನನಗೂ. ಬಾಯಿಬಿಟ್ಟು ಹೇಳೋಳು ನಾನೇ ಅಲ್ಲೇನ್ರೀ,” ಎನ್ನುತ್ತಾರೆ. ಒಂದು ವಾರ ಹೀಗೇ ನಡೆಯಿತು. ಆಮೇಲೊಂದು ದಿನ ಅಕ್ಕೋರು ಕೇಳುತ್ತಿದ್ದಂತೆ, ಯೋಚಿಸುವ ಮೊದಲೇ ನಾಲಿಗೆ ಹೇಳಿಬಿಟ್ಟಿತು: ಶಾಲಿಗೆ ಹೋಗ್ಯಾನೆ.

ಅಕ್ಕೋರು ನಕ್ಕರು. ಬಟ್ಟಲು ಖಾಲಿಯಾಗುವವರೆಗೆ ಉಂಡರು. ಹೂವಮ್ಮ ಬಟ್ಟಲು ತೊಳೆಯಲು ಹಿತ್ತಲಿಗೆ ಹೋದವರು ನೀರು ಬಿಟ್ಟುಕೊಂಡು ಹಾಗೇ ನಿಂತರು. ಯಾವ ಮಾತಿಗೆ ಅವ್ವ ಅಕ್ಕೋರನ್ನು ಮನೆಯಿಂದ ಕಳಿಸಿದ್ದಳೋ ಆ ಮಾತನ್ನೇ ಈಗ ತಾವು ಆಡಿದ್ದರು. “ಅವ್ವ ಇದ್ದಿದ್ರೆ ನನ್ನನ್ನೂ ಹೊರಗೆ ಹಾಕ್ತಿದ್ಲು. ಆಮೇಲೆ ಹಟ್ಟಿಗೆ ಹೋದಾಗ ಅವ್ವನ ಫೋಟೋದ ಕಡೆ ನೋಡ್ಲಿಲ್ಲ ನಾನು.”

ಈಗ ಅದು ರೂಢಿಯಾಗಿದೆ. ರೂಢಿಯಾದದ್ದೇ ಅವರನ್ನು ಹೆಚ್ಚು ಹೆದರಿಸುತ್ತದೆ. ಗುತ್ಯಪ್ಪನ ಫೋಟೋ ಇಲ್ಲ. ಅವನನ್ನು ಕಂಡವರಲ್ಲಿ ಉಳಿದವರು ಇಬ್ಬರೇ, ಅದರಲ್ಲೊಬ್ಬರ ತಲೆಯಲ್ಲಿ ಅವನು ಪುಸ್ತಕದ ಹುಡುಗ. “ನನಗೂ ಒಂದೊಂದ್ಸಲ ಗುರ್ತು ತಪ್ಪುತೈತೆ. ಮಳೆಯಾಗೆ ನನ್ನ ಕೈ ಹಿಡ್ಕೊಂಡು ಶಾಲಿಗೆ ಬಂದಂಗೆ ನೆನಪಾಗ್ತೈತೆ. ಅದು ಆಗೇ ಇಲ್ಲ. ಆದ್ರೆ ಕೈ ಬಿಸಿ ಇದ್ದಿದ್ದೂ ನೆನಪಾಗ್ತೈತೆ.”

ಅಪರೂಪಕ್ಕೆ ಹಳೆಯ ಓದುಗರು ಅಕ್ಕೋರನ್ನು ನೋಡಲು ಬರುತ್ತಾರೆ. ಮಂಚದ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಚೆನ್ನನ ಹಾಗೆ ನಾನೂ ಬಣವೆಯಲ್ಲಿ ಅಡಗುತ್ತಿದ್ದೆ ಎನ್ನುತ್ತಾರೆ. ಹೂವಮ್ಮ ಚಹಾ ತಂದಿಟ್ಟು ಒಳಗೆ ಹೋಗುತ್ತಾರೆ. ಗಂಗೆ ಚಹಾ ತಂದಳೆಂದು ಅವರಲ್ಲಿ ಯಾರಿಗೂ ಗೊತ್ತಾಗಿಲ್ಲ.

ಈ ಯುಗಾದಿ ಕಳೆದರೆ ಈ ಮನೆ ಇರುವುದಿಲ್ಲ. ಮಾಲತೇಶರಿಗೂ ಅರವತ್ತೈದು ದಾಟಿದೆ, ಕಿಡ್ನಿ ಕೈಕೊಟ್ಟಿದೆ, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಹೋಗಬೇಕು. ಮನೆ ಮಾರಿ, ಅತ್ತೆಯನ್ನು ದಾವಣಗೆರೆಯ ಒಂದು ಆಶ್ರಮದಲ್ಲಿ ಬಿಡುವುದೆಂದು ಅವರು ತೀರ್ಮಾನಿಸಿದ್ದಾರೆ. ಹೇಳುವಾಗ ಅವರ ಕಣ್ಣೂ ಒದ್ದೆಯಾಗಿತ್ತು. ಹೂವಮ್ಮನಿಗೆ ಅವರ ಮೇಲೆ ಕೋಪವಿಲ್ಲ. ಅಕ್ಕೋರನ್ನು ಹಟ್ಟಿಗೇ ಕರೆದುಕೊಂಡು ಹೋಗಲಾ ಎಂದು ಮಗನನ್ನು ಕೇಳಿದರು.

“ಅವ್ವ, ಎರಡು ಕೋಣೆ ಮನೆ. ಗೋಡೆ ಆಚೆ ಕುರಿ. ಬಿದ್ದ ಮಳೆಗೆ ನೀನೇ ಕೆಮ್ತೀಯ. ನಿನಗೇ ಆಗದೇ ಹೋದ್ರೆ ಅವರನ್ನ ಎತ್ತೋರು ಯಾರು?” ಎಂದ ಗಿರೀಶ.

ಹೋದ ತಿಂಗಳು ಮಾಲತೇಶರ ಜೊತೆ ಅವರೂ ದಾವಣಗೆರೆಗೆ ಹೋಗಿ ಆ ಜಾಗ ನೋಡಿಬಂದರು. ಚೊಕ್ಕಟವಾಗಿತ್ತು. ಕಿಟಕಿಗಳು ದೊಡ್ಡವು. ಅಕ್ಕೋರಿಗೆಂದು ಇಟ್ಟಿದ್ದ ಮಂಚದ ಹತ್ತಿರ ರಮ್ಯ ಎಂಬ ಹುಡುಗಿ ಬಂದು, ಅಜ್ಜಿಯ ಅಭ್ಯಾಸಗಳನ್ನು ಹೇಳಿ ಎಂದು ಕೇಳಿದಳು. ಹೂವಮ್ಮ ಹೇಳಿದರು. ಎಡ ಮಗ್ಗುಲಿಗೇ ನಿದ್ದೆ, ಗಂಜಿಗೆ ಉಪ್ಪು ಮುಂದು, ತಣ್ಣನೆ ಕೈ ತಾಗಿಸಬೇಡಿ. ಹೇಳಬೇಕಾದ್ದು ಇನ್ನೂ ಒಂದಿತ್ತು. ಅದನ್ನು ಪರಊರಿನ ಹುಡುಗಿಗೆ ಎಲ್ಲಿಂದ ಶುರುಮಾಡಿ ಹೇಳುವುದೆಂದು ತಿಳಿಯದೆ ಸೆರಗಿನ ತುದಿ ಹಿಂಡುತ್ತಾ ನಿಂತರು.

“ಚೆನ್ನ ಎಲ್ಲಿ ಅಂತ ಕೇಳ್ತಾರವ್ವ. ದಿನಾ ಕೇಳ್ತಾರೆ. ಬೈಬೇಡ್ರಿ.”

“ಯಾರಜ್ಜಿ ಚೆನ್ನ? ಅವರ ಮಗನಾ?”

“ನನ್ನ ತಮ್ಮ.”

“ಎಲ್ಲಿದಾರೆ ಅವರು ಈಗ? ಫೋನ್ ನಂಬರ್ ಇದ್ರೆ ಕೊಡಿ, ಕೇಳಿದಾಗ ಮಾತಾಡಿಸ್ತೀವಿ.”

ಮಾಲತೇಶ್ ತಲೆ ತಗ್ಗಿಸಿದರು. ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು.

“ಕುಪ್ಪಗಡ್ಡೆಯಾಗೆ ಅದಾನವ್ವ,” ಎಂದರು ಹೂವಮ್ಮ. “ಊರು ಬಿಟ್ಟು ಎಲ್ಲಿಗೂ ಹೋದೋನಲ್ಲ.”

ಆ ದಿನದ ಮಾತು ಬಂದರೆ ಅವರು ಈಗಲೂ ಸ್ವಲ್ಪ ನೆಟ್ಟಗೆ ಕೂರುತ್ತಾರೆ. “ಇಷ್ಟು ವರ್ಷ ಸುಳ್ಳು ಹೇಳೀ ಹೇಳೀ ಬಾಯಿ ಕೆಟ್ಟಿತ್ರೀ,” ಎನ್ನುತ್ತಾರೆ. “ಅವತ್ತು ಆ ಹುಡುಗಿಗೆ ಹೇಳಿದ್ದು ಮಾತ್ರ ಖರೆ.”